ಕೆಂಪು ಪುಸ್ತಕದ ಅಕ್ಕ

ಸಿನಿಮಾದವರು ಅವಳನ್ನು ಹದ್ದು ಅಂತ ಕರೆಯುತ್ತಿದ್ದರು. ಎದುರಿಗೆ ಹದ್ದು ಮೇಡಂ, ಬೆನ್ನ ಹಿಂದೆ ಬರೀ ಹದ್ದು. ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದವಳು: ಕಂಟಿನ್ಯುಟಿ. ಅಂದರೆ, ಬೆಳಿಗ್ಗೆ ತೆಗೆದ ಶಾಟಿನಲ್ಲಿ ನಾಯಕನ ಅಂಗಿಯ ಎರಡನೇ ಗುಂಡಿ ಬಿಚ್ಚಿದ್ದರೆ, ಮೂರು ದಿನ ಬಿಟ್ಟು ಅದೇ ದೃಶ್ಯದ ಉಳಿದರ್ಧ ತೆಗೆಯುವಾಗಲೂ ಅದು ಬಿಚ್ಚಿಯೇ ಇರಬೇಕು. ಲೋಟದಲ್ಲಿ ಹಾಲು ಅರ್ಧ ಇತ್ತೋ ಮುಕ್ಕಾಲು ಇತ್ತೋ, ಪೆನ್ನು ಯಾವ ಜೇಬಿನಲ್ಲಿತ್ತು, ಕೂದಲ ಎಳೆ ಕಿವಿಯ ಮುಂದಿತ್ತೋ ಹಿಂದಿತ್ತೋ, ಇದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಫೋಟೋ ಹಿಡಿದು, ಪುಸ್ತಕದಲ್ಲಿ ಬರೆದಿಡುವವಳು ಅವಳು. ಒಂದು ಸಲ ಹೊಡೆದಾಟದ ಸಿನಿಮಾದಲ್ಲಿ ಖಳನಾಯಕನ ಎಡಗೆನ್ನೆಯ ಗಾಯವನ್ನು ಮೇಕಪ್ಪಿನವನು ಮರೆತು ಬಲಗೆನ್ನೆಗೆ ಬರೆದುಬಿಟ್ಟಿದ್ದ. ಸುತ್ತ ನೂರಿಪ್ಪತ್ತು ಜನ ನಿಂತಿದ್ದರು, ಒಬ್ಬರಿಗೂ ಕಾಣಲಿಲ್ಲ. ಇವಳು ಎಲ್ಲೋ ದೂರದಲ್ಲಿ ಚಹಾ ಕುಡಿಯುತ್ತಿದ್ದವಳು, ಲೋಟ ಕೆಳಗಿಟ್ಟು ಬಂದು ಮೇಕಪ್ಪಿನವನ ಕಿವಿಯಲ್ಲಿ, "ಊಟದ ಹೊತ್ತಲ್ಲಿ ಗಾಯ ಎದ್ದು ಆ ಕಡೆ ಹೋಗಿ ಕೂತ್ಕೊಂಡ್ತೇನಪ್ಪಾ?" ಅಂದಳಂತೆ. ಆ ಮಾತು ಇವತ್ತಿಗೂ ಸ್ಟುಡಿಯೋಗಳಲ್ಲಿ ಓಡಾಡುತ್ತಿದೆ.

ಅವಳ ಕಸುಬಿಗೆ ಒಂದು ಕಟ್ಟಳೆ ಇತ್ತು. ತಪ್ಪು ಕಂಡರೆ ಬೊಬ್ಬೆ ಹೊಡೆಯಬಾರದು, ಕಾರಣ ಕೇಳಬಾರದು, ಸುಮ್ಮನೆ ಹೋಗಿ ಸರಿ ಮಾಡಿ ಬರಬೇಕು. ಕಾಲರು ಮಡಚಿದ್ದರೆ ಬಿಡಿಸು, ಲೋಟ ಎಡಕ್ಕಿದ್ದರೆ ಬಲಕ್ಕೆ ಸರಿಸು, ಬಾ. ನಟ ಅದನ್ನು ಯಾಕೆ ಎಡಗೈಗೆ ತೆಗೆದುಕೊಂಡ ಅನ್ನುವುದು ಇವಳಿಗೆ ಬೇಡದ ಉಸಾಬರಿ. "ಯಾಕೆ ಅನ್ನೋದು ಡೈರೆಕ್ಟರ ಪಾಲು, ಎಲ್ಲಿ ಅನ್ನೋದು ನನ್ನ ಪಾಲು" ಅಂತ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಹಾಳು ಪಾಠ! ಇವಳಿಗೆ ಅದನ್ನು ಕಲಿಸಿದವರು ಯಾರೋ, ಅವರ ಬಾಯಿಗಿಷ್ಟು ಮಣ್ಣು ಹಾಕ.

ಹೊರಗೆ ಹದ್ದಾದರೂ ಮನೆಯಲ್ಲಿ ಅವಳು ಗುಬ್ಬಿ. ಹಾಗೆ ಕರೆಯುತ್ತಿದ್ದವಳು ಅಕ್ಕ. ಮೊದಲನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ಬೀದಿಯ ಕಡೆ ತೆರೆಯುವ ಕಿಟಕಿಯ ಕೆಳಗೆ ಅಕ್ಕನ ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ಸಾಲಾಗಿ ನೇತುಹಾಕಿದ ಅರೆಹೊಲಿದ ಕೋಟುಗಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ತಂಗಿಗೆ ಆರು, ಅಕ್ಕನಿಗೆ ಇಪ್ಪತ್ತು. ಅಕ್ಕ ಕತ್ತರಿ ಹಿಡಿದಳು, ಮದುವೆಯ ಮಾತು ಬಿಟ್ಟಳು. ನಲವತ್ತಾರು ವರ್ಷ ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಎದ್ದಿತ್ತು, ಒಣಗಿದ ಬಟಾಣಿಯ ಹಾಗೆ. ತಂಗಿಯ ಶಾಲೆ, ಪುಸ್ತಕ, ಚಳಿಗಾಲದ ಬೂಟು ಎಲ್ಲವೂ ಆ ಕೈಯಿಂದಲೇ ಬಂದವು. ಈ ಕಥೆ ಆ ಬಲಗೈಯದು. ಅದು ಹೇಗೆ ಹೋಯಿತು, ಯಾರ ಕಣ್ಣೆದುರಿಗೆ ಹೋಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೇ ಉರಿ.

ಆ ವರ್ಷ ಹದ್ದಿಗೆ ಸಿಕ್ಕಿದ್ದು ಒಂದು ವಿಜ್ಞಾನದ ಸಿನಿಮಾ. ಹೆಂಡತಿ ಸತ್ತ ಒಬ್ಬ ಗಂಡಸು. ಯಂತ್ರದ ಕನ್ನಡಕ ಒಂದನ್ನು ಕಣ್ಣಿಗೆ ಹಾಕಿಕೊಂಡರೆ ಅವನಿಗೆ ತನ್ನದೇ ಮನೆ, ಅದೇ ಸೋಫಾ, ಅದೇ ಹೆಂಡತಿ ನಗುನಗುತ್ತ ಓಡಾಡುವುದು ಕಾಣುತ್ತದೆ. ತೆಗೆದರೆ ಮನೆ ಖಾಲಿ. ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಕನ್ನಡಕ ಈಗ ಮುಖದ ಮೇಲಿದೆಯೋ ಇಲ್ಲವೋ ಅನ್ನುವುದೂ ತಿಳಿಯದ ಸ್ಥಿತಿಗೆ ಬರುತ್ತಾನೆ. ಕನ್ನಡಕದೊಳಗಿನ ಈ ಸುಳ್ಳು ಲೋಕಕ್ಕೆ ಇಂಗ್ಲಿಷಿನಲ್ಲಿ ವೀಆರ್ ಅನ್ನುತ್ತಾರೆ; ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ವೀಆರ್, ವೀಆರ್. ಲೈಟು ಹಿಡಿಯುವವರು ಕೂಡ ಊಟ ತಡವಾದರೆ, "ವೀಆರ್ ಊಟ ಬಂತು, ಕಣ್ಣು ಮುಚ್ಕೊಂಡು ತಿನ್ರಪ್ಪಾ" ಅನ್ನುತ್ತಿದ್ದರು.

ನಿರ್ದೇಶಕ ಚಿಕ್ಕ ವಯಸ್ಸಿನವನು, ಯಾವುದಕ್ಕೂ ಸಮಾಧಾನವಿಲ್ಲದೆ ಉಗುರು ಕಚ್ಚುವವನು. ಮೊದಲ ದಿನವೇ ಹದ್ದನ್ನು ಕೂರಿಸಿಕೊಂಡು ಹೇಳಿದ: "ಮೇಡಂ, ನಂಗೆ ನಿಮ್ಮ ಕಣ್ಣು ಬೇಕು. ಆದ್ರೆ ಉಲ್ಟಾ ಬೇಕು. ಯಂತ್ರದ ಲೋಕದಲ್ಲಿ ಸಣ್ಣ ಸಣ್ಣ ತಪ್ಪುಗಳಿರ್ತವೆ. ಗಂಡನ ವಾಚು ಬಲಗೈಲಿ, ಬಾಗಿಲು ಆ ಕಡೆಗೆ ತೆರೆಯುತ್ತೆ, ಗಡಿಯಾರ ಐದು ನಿಮಿಷ ಹಿಂದೆ. ಯಾರೂ ಬಾಯಿಬಿಟ್ಟು ಹೇಳಲ್ಲ. ನೋಡೋರಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸ್ತಿರ್ಬೇಕು. ಆ ತಪ್ಪುಗಳು ಒಂದೇ ಒಂದು ಶಾಟಲ್ಲೂ ತಪ್ಪಬಾರ್ದು."

ಹದ್ದು ಎರಡು ಪುಸ್ತಕ ಇಟ್ಟಳು. ನಿಜದ ಮನೆಗೆ ನೀಲಿ, ಯಂತ್ರದ ಮನೆಗೆ ಕೆಂಪು. ಮೊದಲ ವಾರ ಒದ್ದಾಡಿಬಿಟ್ಟಳು. ನಾಯಕನ ಬಲಗೈಯಲ್ಲಿ ವಾಚು ಕಂಡದ್ದೇ ತಡ, ಕೈ ತಾನಾಗಿ ಹೋಗಿ ಅದನ್ನು ಎಡಗೈಗೆ ಕಟ್ಟಿ ಬಂದಿತ್ತು. ನಿರ್ದೇಶಕ ತಲೆ ಚಚ್ಚಿಕೊಂಡ. ಆಮೇಲೆ ಕಲಿತಳು. ತಪ್ಪು ಕಂಡರೆ ಮೊದಲು, ಇದು ಯಾವ ಪುಸ್ತಕದ್ದು ಅಂತ ಕೇಳಿಕೋ. ಕೆಂಪಿನದಾದರೆ ಮುಟ್ಟಬೇಡ, ಅದೇ ಸರಿ. ಐವತ್ತೆರಡನೇ ವಯಸ್ಸಿನಲ್ಲಿ, ತಪ್ಪನ್ನು ನೋಡಿಯೂ ಸುಮ್ಮನಿರುವ ವಿದ್ಯೆ ಕಲಿತಳು ಮಹಾತಾಯಿ.

ಏಳನೇ ತಾರೀಖು, ಭಾನುವಾರ, ಬೆಳಿಗ್ಗೆ ಎಂಟೂಕಾಲು. ಕಿಟಕಿಯ ಹತ್ತಿರ ಕೂತ ಅಕ್ಕ ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು. ಹದ್ದಿನ ಕಣ್ಣಿಗೆ ಅದು ಬಾಗಿಲಲ್ಲೇ ಬಿತ್ತು. ಜನ್ಮದಲ್ಲಿ ಅಕ್ಕ ಎಡಗೈಯಲ್ಲಿ ಲೋಟ ಹಿಡಿದವಳಲ್ಲ. ಇವಳು ಏನು ಮಾಡಿದಳು? ಮಾತಾಡದೆ ಹೋದಳು, ಲೋಟ ತೆಗೆದಳು, ಬಲಗೈಗೆ ಇಟ್ಟಳು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು.

"ಇದೇನೇ ಗುಬ್ಬಿ, ನಾನೇನು ನಿನ್ನ ಹೀರೋಯಿನ್ನಾ?" ಅಕ್ಕ ನಕ್ಕಳು.

"ರೂಢಿ ಅಕ್ಕ, ಕೈ ಸುಮ್ನಿರಲ್ಲ."

ಅಕ್ಕ ಎರಡು ಗುಟುಕು ಕುಡಿದು ಲೋಟವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಅಷ್ಟಕ್ಕೇ ಮುಗಿಯಿತು ಆ ದಿನದ ಕಥೆ.

ನಾಲ್ಕು ದಿನ ಕಳೆದು ಬಲಗಾಲಿನ ಚಪ್ಪಲಿ. ಅಡುಗೆಮನೆಯಿಂದ ಹೊರಗೆ ಬರುವಾಗ ಅದು ಕಾಲಿಂದ ಕಳಚಿ ಹೊಸ್ತಿಲಲ್ಲೇ ಉಳಿಯುತ್ತಿತ್ತು, ಅಕ್ಕನಿಗೆ ಅದರ ಪರಿವೆಯೇ ಇಲ್ಲ. ಹದ್ದು ಚಪ್ಪಲಿಯ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿಕೊಟ್ಟಳು. ಆಮೇಲೆ ಹೊಲಿಗೆ. ಎದುರು ಮನೆಯ ಶಾಲಾ ಮೇಷ್ಟ್ರು ತಮ್ಮ ಪ್ಯಾಂಟು ಹಿಡಿದುಕೊಂಡು ಬಂದು, "ಅಕ್ಕಾವ್ರೇ, ಒಂದು ಕಾಲು ಕುಣಿಯೋಕೆ ಹೊರಟಿದೆ, ಇನ್ನೊಂದು ಸಾವಿಗೆ ಹೊರಟಿದೆ ನೋಡಿ" ಅಂತ ಅಂಚು ತೋರಿಸಿದರು. ಅಂಚು ಹಾವು ಹರಿದ ಹಾಗೆ ಸೊಟ್ಟಗೆ ಹೋಗಿತ್ತು. ನಲವತ್ತಾರು ವರ್ಷದಲ್ಲಿ ಅಕ್ಕನ ಕೈಯಿಂದ ಅಂಥ ಅಂಚು ಬಂದಿರಲಿಲ್ಲ. ಅಕ್ಕನ ಮುಖ ಕೆಂಪಾಯಿತು. "ಕತ್ತರಿ ಮೊಂಡಾಗಿದೆ" ಅಂದಳು.

ಹದ್ದು ಅವತ್ತೇ ಕತ್ತರಿ ತೆಗೆದುಕೊಂಡು ಬೀದಿ ಕೊನೆಯ ಸಾಣೆಯವನ ಹತ್ತಿರ ಹೋದಳು. ಅವನು ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಒಂದು ಚೂರು ಕಾಗದ ಕತ್ತರಿಸಿ ನೋಡಿ, ವಾಪಸು ಕೊಟ್ಟ. "ಇದು ಮೊಂಡಾಗಿಲ್ಲಮ್ಮ. ಮೊಂಡಾಗಿದ್ರೆ ಹಿಡಿಯೋ ಕೈ ಮೊಂಡಾಗಿರ್ಬೇಕು" ಅಂತ ಹಲ್ಲು ಬಿಟ್ಟ. ಇವಳೂ ನಕ್ಕಳು. ನಕ್ಕು, "ಇರ್ಲಿ, ಒಂದ್ಸಲ ಸಾಣೆ ಹಿಡಿದುಬಿಡಿ" ಅಂದಳು.

ಅಲ್ಲಾ, ದಾರೀಲಿ ಹೋಗುವ ಸಾಣೆಯವನಿಗೆ ಹೊಳೆದದ್ದು ಮನೆಯವಳಿಗೆ ಹೊಳೆಯಬಾರದೇ? ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಕತ್ತಲೆಯೂ ಇರಲಿಲ್ಲ, ಎಲ್ಲ ಬೆಳ್ಳಗೆ ಕಾಣುತ್ತಲೇ ಇತ್ತು. ಕಂಡದ್ದನ್ನು ಇವಳು ಸರಿ ಮಾಡುತ್ತಲೇ ಹೋದಳು. ಲೋಟ ಸರಿ ಮಾಡಿದಳು, ಚಪ್ಪಲಿ ಸರಿ ಮಾಡಿದಳು, ಕತ್ತರಿ ಸರಿ ಮಾಡಿದಳು. ಕೈಯೊಂದನ್ನು ಬಿಟ್ಟು.

ಇತ್ತ ಸೆಟ್ಟಿನಲ್ಲಿ ನಿರ್ದೇಶಕನಿಗೆ ಹೊಸ ತಲೆನೋವು. ವಾಚು, ಬಾಗಿಲು, ಗಡಿಯಾರ ಎಲ್ಲ ಸರಿ, ಆದರೆ ಯಂತ್ರದ ಹೆಂಡತಿಯೇ ಸರಿಯಿಲ್ಲ. ಅಂದರೆ, ತೀರಾ ಸರಿಯಾಗಿದ್ದಾಳೆ. ನಾಯಕಿ ಒಳ್ಳೆಯ ನಟಿ, ಹಿಡಿದ ಕೆಲಸ ಬಿಡದವಳು. ಗೊಂಬೆಯ ಹಾಗೆ ನಡೆದಳು, ಕಣ್ಣು ಮಿಟುಕಿಸದೆ ನೋಡಿದಳು, ಮಾತನ್ನು ತುಂಡು ತುಂಡು ಮಾಡಿದಳು. ಎಲ್ಲವೂ ನಾಟಕವಾಯಿತು. "ಇದಲ್ಲ, ಇದಲ್ಲ" ಅಂತ ನಿರ್ದೇಶಕ ಎರಡು ದಿನ ಉಗುರು ಕಚ್ಚಿದ. "ಅವಳು ನಮ್ಮನೆಯವಳೇ ಅನ್ನಿಸ್ಬೇಕು. ಪ್ರೀತಿ ಬರ್ಬೇಕು. ಆದ್ರೆ ಎಲ್ಲೋ ಒಂದು ಎಳೆ ತಪ್ಪಿರ್ಬೇಕು. ಏನದು?"

ಹದ್ದು ಮೂಲೆಯಲ್ಲಿ ಕೆಂಪು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತನ್ನ ಪಾಲಲ್ಲದ ವಿಷಯಕ್ಕೆ ಬಾಯಿ ಹಾಕಿದಳು.

"ಲೋಟ ಎಡಗೈಲಿ ಹಿಡೀಲಿ ಸರ್. ಬಲಗಾಲಿನ ಚಪ್ಪಲಿ ಹಿಂದೆ ಉಳೀಲಿ, ಅವಳಿಗೆ ಗೊತ್ತಾಗಬಾರ್ದು. ನಗುವಾಗ…" ಎದ್ದು ನಿಂತು ತೋರಿಸಿದಳು. ಬಾಯಿಯ ಎಡ ತುದಿ ಮೇಲೆ ಹೋಯಿತು, ಬಲ ತುದಿ ಇದ್ದಲ್ಲೇ ಇತ್ತು.

ಲೈಟಿನವನೊಬ್ಬ, "ಅಯ್ಯಪ್ಪಾ, ಮೈ ಜುಂ ಅಂತು" ಅಂದ. ನಿರ್ದೇಶಕ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಎಲ್ಲಿ ಸಿಕ್ತು ಮೇಡಂ ಇದು?" ನಾಯಕಿ ಕೇಳಿದಳು.

"ನಮ್ಮಕ್ಕನ್ನ ನೋಡಿ. ಅವಳು ಈಚೆಗೆ ಹೀಗೇ ಏನೇನೋ ಮಾಡ್ತಾಳೆ."

ಎಲ್ಲರೂ ನಕ್ಕರು. "ಮೇಡಂ ಮನೇಲೂ ಒಂದು ಕೆಂಪು ಪುಸ್ತಕ ಓಡ್ತಿದೆ" ಅಂದ ಕ್ಯಾಮೆರಾದವನು. ಹದ್ದಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಬಹಳ ಖುಷಿಯಾಯಿತು. ಅಷ್ಟು ವರ್ಷ ಗುಂಡಿ ಎಣಿಸಿದವಳನ್ನು ಆ ದಿನ ಮೊದಲ ಸಲ ಎಲ್ಲರೂ ಕಲಾವಿದೆ ಅನ್ನುವ ಹಾಗೆ ನೋಡಿದರು.

ನಾಯಕಿಗೆ ಅಭ್ಯಾಸ ಮಾಡಲು ಫೋಟೋ ಬೇಕಿತ್ತು, ಒಂದೆರಡು ವಿಡಿಯೋ ಕೂಡ. ಇಪ್ಪತ್ತೆಂಟನೇ ತಾರೀಖು, ಬಿಡುವಿನ ದಿನ, ಹದ್ದು ಮಧ್ಯಾಹ್ನದ ಬೆಳಕಿಗೆ ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿದಳು. ಅಕ್ಕ ಅಂತೂ ಕುಣಿಯುವುದೊಂದು ಬಾಕಿ. ತಲೆ ಬಾಚಿಕೊಂಡಳು, ಒಳ್ಳೆಯ ಅಂಗಿ ಹಾಕಿಕೊಂಡಳು. "ಅರವತ್ತಾರಕ್ಕೆ ನನ್ನ ಅದೃಷ್ಟ ಖುಲಾಯಿಸ್ತು ನೋಡೇ. ನಾಯಕಿ ನನ್ನ ನೋಡಿ ಕಲೀತಾಳಂತೆ!"

ಲೋಟ ಕೊಟ್ಟರೆ ಅಕ್ಕ ಹಟ ಮಾಡಿ, ಸೆಟೆದುಕೊಂಡು, ಬಲಗೈಯಲ್ಲೇ ಹಿಡಿದಳು. ಕೈ ನಡುಗುತ್ತಿತ್ತು.

"ಹಾಗಲ್ಲ ಅಕ್ಕ. ದಿನಾ ಹೇಗೆ ಹಿಡ್ಕೋತೀಯೋ ಹಾಗೇ ಹಿಡ್ಕೋ. ಎಡಗೈಲಿ."

"ಅಯ್ಯೋ, ಅದು ಚೆನ್ನಾಗಿ ಕಾಣಲ್ವಲ್ಲೇ."

"ಚೆನ್ನಾಗಿ ಕಾಣೋದು ಬೇಡ. ಹಾಗೇ ಬೇಕು."

ಅಕ್ಕ ಲೋಟವನ್ನು ಎಡಗೈಗೆ ಬದಲಿಸಿದಳು. ಫೋನು ಟಕ್ ಟಕ್ ಅಂದಿತು. ಹನ್ನೊಂದು ಫೋಟೋ. ನಡೆಯುವುದರದ್ದೊಂದು ವಿಡಿಯೋ, ನಗುವುದರದ್ದೊಂದು. ನಗಿಸುವುದಕ್ಕೆ ಹದ್ದು ಸಾಣೆಯವನು ಹೇಳಿದ ಮಾತನ್ನೇ ಹೇಳಿದಳು. ಅಕ್ಕ ನಕ್ಕಳು, ಅರ್ಧ ಬಾಯಲ್ಲಿ. ನಕ್ಕು ಮುಗಿಸಿ, ಬಲಗೈಯನ್ನು ಎಡಗೈಯಿಂದ ತಿಕ್ಕುತ್ತ ಹೇಳಿದಳು: "ತಮಾಷೆ ಅಲ್ಲ ಕಣೇ. ಕೈ ಆಗಾಗ ಜೋಮು ಹಿಡಿದಂಗಾಗುತ್ತೆ. ಮೊನ್ನೆ ಒಂದರ್ಧ ಗಂಟೆ ನಿನ್ನ ಹೆಸರೇ ಬಾಯಿಗೆ ಬರ್ಲಿಲ್ಲ. ಆಮೇಲೆ ಬಂತು."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಅಂತ ಗಾದೆ ಇದೆ. ಇವಳಿಗೋಸ್ಕರವೇ ಮಾಡಿದ್ದು. "ವಯಸ್ಸಾಯ್ತಲ್ಲ ಅಕ್ಕ ನಿಂಗೂ. ಈ ಶೂಟಿಂಗ್ ಮುಗೀಲಿ, ಬರೋ ತಿಂಗಳು ಇಪ್ಪತ್ತೆರಡಕ್ಕೆ ಡಾಕ್ಟ್ರ ಹತ್ರ ಹೋಗೋಣ" ಅಂದಳು, ಫೋಟೋಗಳನ್ನು ನಾಯಕಿಗೆ ಕಳಿಸುತ್ತ. ಅಕ್ಕ ಸರಿ ಅಂದಳು. ಅಕ್ಕ ಯಾವತ್ತೂ ತನಗಾಗಿ ತಂಗಿಯ ಕೆಲಸ ಕೆಡಿಸಿದವಳಲ್ಲ.

ಪೂರ್ತಿ ಕಲ್ಲುಮನಸ್ಸಿನವಳು ಅಂತಲೂ ಅಲ್ಲ ಇವಳು. ನಡುವೆ ಒಂದೆರಡು ಸಲ, ಡಾಕ್ಟರ ಹತ್ತಿರ ಈಗಲೇ ಹೋಗೋಣವೇ ಅನ್ನಿಸಿದ್ದೂ ಉಂಟು. ಆದರೆ ಅಷ್ಟು ಹೊತ್ತಿಗೆ ಅವಳ ತಲೆಯೂ ಆ ನಾಯಕನ ತಲೆಯಂತಾಗಿತ್ತು. ದಿನಕ್ಕೆ ಹನ್ನೆರಡು ಗಂಟೆ ಸೆಟ್ಟಿನ ಮನೆಯಲ್ಲಿ ಎಡಗೈ ಲೋಟ, ಜಾರಿದ ಚಪ್ಪಲಿ, ಅರ್ಧ ನಗು. ಮನೆಗೆ ಬಂದರೆ ಅಲ್ಲೂ ಅದೇ ಲೋಟ, ಅದೇ ಚಪ್ಪಲಿ, ಅದೇ ನಗು. ಅಕ್ಕನನ್ನು ನೋಡಿದರೆ ನಾಯಕಿ ಚೆನ್ನಾಗಿ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಒಂದು ಸಂಜೆ ಅಕ್ಕ ಮಾತಿನ ನಡುವೆ ಕತ್ತರಿಗೆ ಬಾಗಿಲು ಅಂದಳು. "ಆ ಬಾಗಿಲು ಕೊಡೇ ಇಲ್ಲಿ." ಹದ್ದು ಕತ್ತರಿ ಎತ್ತಿ ಕೊಟ್ಟು, ತನ್ನ ವಾಚು ಯಾವ ಕೈಯಲ್ಲಿದೆ ಅಂತ ನೋಡಿಕೊಂಡಳು. ಎಡಗೈಯಲ್ಲೇ ಇತ್ತು. ಎಲ್ಲ ಸರಿಯಿದೆ, ನನ್ನ ತಲೆಯೇ ಕೆಂಪು ಪುಸ್ತಕವಾಗಿದೆ, ನಿದ್ದೆ ಸಾಲದು ಅಂತ ತನಗೆ ತಾನೇ ಬುದ್ಧಿ ಹೇಳಿಕೊಂಡಳು.

ಮುಂದಿನ ತಿಂಗಳ ಹತ್ತೊಂಬತ್ತನೇ ತಾರೀಖು ಸಿನಿಮಾದ ಮುಖ್ಯ ದೃಶ್ಯ. ಗಂಡ, "ನೀನು ನಿಜವಾ?" ಅಂತ ಕೇಳುತ್ತಾನೆ, ಯಂತ್ರದ ಹೆಂಡತಿ ಉತ್ತರ ಕೊಡದೆ ನಗುತ್ತಾಳೆ. ಒಂದೇ ಟೇಕಿಗೆ ಮುಗಿಯಿತು. ನಾಯಕಿಯ ಬಾಯಿಯ ಬಲ ತುದಿ ಜೋತುಬಿದ್ದದ್ದನ್ನು ನೋಡಿ ಕ್ಯಾಮೆರಾದವನು ಕಣ್ಣೊರೆಸಿಕೊಂಡ. ನಿರ್ದೇಶಕ ಕಟ್ ಅನ್ನುವುದನ್ನೇ ಮರೆತ. ಸೆಟ್ಟಿನ ನಿಯಮದಂತೆ ಎಲ್ಲರ ಫೋನುಗಳೂ ಬಾಯಿ ಮುಚ್ಚಿಕೊಂಡು ಹೊರಗಿನ ಬುಟ್ಟಿಯಲ್ಲಿದ್ದವು. ಸಂಜೆ ಐದಕ್ಕೆ ತೆಗೆದು ನೋಡಿದರೆ ಹದ್ದಿನ ಫೋನಿನಲ್ಲಿ ಅಕ್ಕನ ಮೂರು ಕರೆ ಇದ್ದವು, ಬೆಳಿಗ್ಗೆ ಹನ್ನೊಂದೂ ಹತ್ತರಿಂದ ಹನ್ನೊಂದೂ ಹದಿಮೂರರವರೆಗೆ. ವಾಪಸು ಮಾಡಿದಳು. ಎತ್ತಲಿಲ್ಲ. ಮೇಜಿನ ಹತ್ತಿರ ಇರಬೇಕು, ಯಂತ್ರದ ಸದ್ದಿಗೆ ಕೇಳಿಸಿಲ್ಲ ಅಂದುಕೊಂಡು ಬಸ್ಸು ಹತ್ತಿದಳು.

ಬಾಗಿಲು ತೆರೆದಾಗ ಅಕ್ಕ ಯಂತ್ರಕ್ಕೂ ಮೇಜಿಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದಿತ್ತು. ಬಾಯಿಂದ ಸದ್ದು ಬರುತ್ತಿತ್ತು, ಮಾತಲ್ಲ. ಬಲಗೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ಬಲಗಾಲಿನ ಚಪ್ಪಲಿ ಒಂದು ಮಾರು ದೂರದಲ್ಲಿ ಬಿದ್ದಿತ್ತು. ಹದ್ದು ಓಡಿದಳು. ಓಡಿ, ದೇವರೇ, ಮೊದಲು ಆ ಚಪ್ಪಲಿಯನ್ನು ಎತ್ತಿಕೊಂಡು ಬಂದು ಅಕ್ಕನ ಕಾಲಿಗೆ ಹಾಕಿದಳು. ಪಟ್ಟಿ ಬಿಗಿದಳು. ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದಳು.

ಲಕ್ವ ಹೊಡೆದಿತ್ತು. ಆಸ್ಪತ್ರೆಯ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಮರುದಿನ ಬೆಳಿಗ್ಗೆ ಹದ್ದನ್ನು ಕೋಣೆಗೆ ಕರೆದು, ಜೀವಕ್ಕೆ ತೊಂದರೆಯಿಲ್ಲ, ಬಲಗೈ ಬರುವುದು ಕಷ್ಟ, ಮಾತು ಸ್ವಲ್ಪ ಬರಬಹುದು ಅಂದರು. ಕಾಗದ ಎಳೆದುಕೊಂಡು ಕೇಳಿದರು.

"ಇದಕ್ಕೆ ಮುಂಚೆ ಏನಾದ್ರೂ ಸೂಚನೆ ಇತ್ತಾ? ನೆನಪಿದ್ರೆ ಹೇಳಿ. ಸಾಮಾನ್ಯವಾಗಿ ಮನೆಯವರು ಗಮನಿಸಿರಲ್ಲ."

ಹದ್ದು ಶಾಟುಗಳ ಲೆಕ್ಕವನ್ನು ಸಿನಿಮಾದ ಸಂಕಲನಕಾರನಿಗೆ ಒಪ್ಪಿಸುವ ಹಾಗೆ ಒಪ್ಪಿಸಿದಳು. "ಹೋದ ತಿಂಗಳು ಏಳು, ಭಾನುವಾರ, ಬೆಳಿಗ್ಗೆ ಎಂಟೂಕಾಲು. ಲೋಟ ಎಡಗೈಲಿತ್ತು. ಹನ್ನೊಂದನೇ ತಾರೀಖು ಸಂಜೆ ಬಲಗಾಲ ಚಪ್ಪಲಿ ಕಳಚಿತು. ಹದಿನಾರಕ್ಕೆ ಅಂಚು ಸೊಟ್ಟಗೆ ಬಂತು. ಇಪ್ಪತ್ತರಿಂದ ನಗುವಾಗ ಬಾಯಿಯ ಬಲತುದಿ ಏಳ್ತಿರ್ಲಿಲ್ಲ. ಈ ತಿಂಗಳು ಎರಡಕ್ಕೆ ಕತ್ತರಿಗೆ ಬಾಗಿಲು ಅಂದಳು."

ಡಾಕ್ಟರ ಪೆನ್ನು ನಿಂತುಹೋಯಿತು. "ಇಷ್ಟೆಲ್ಲ ನೋಡಿದೀರಾ?"

"ಹೂಂ."

"ನೋಡಿ ಏನ್ ಮಾಡಿದ್ರಿ?"

"ಸರಿ ಮಾಡಿದೆ."

"ಏನನ್ನ?"

"ಲೋಟಾನ. ಚಪ್ಪಲೀನ." ಹದ್ದಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು. ಆದರೂ ಕಸುಬಿನ ಚಾಳಿ ಬಿಡಲಿಲ್ಲ. ಸಾಕ್ಷಿ ಕೇಳುವ ಮೊದಲೇ ಫೋನು ತೆಗೆದು ಮೇಜಿನ ಮೇಲೆ ಇಟ್ಟಳು. "ಫೋಟೋ ಇದಾವೆ."

ಡಾಕ್ಟರು ಒಂದೊಂದಾಗಿ ನೋಡಿದರು. ಎಡಗೈಯ ಲೋಟ. ಎಳೆದು ಹಾಕುವ ಕಾಲು. ಕೊನೆಗೆ ನಗುವ ವಿಡಿಯೋ. ಅದನ್ನು ಎರಡು ಸಲ ನೋಡಿದರು. "ಇದಕ್ಕೆ ದೊಡ್ಡ ಡಾಕ್ಟರೇ ಬೇಡ, ಕಲಿಯೋಕೆ ಬಂದ ಮಕ್ಕಳೂ ಗುರುತು ಹಿಡೀತಾರೆ" ಅಂದರು ಮೆಲ್ಲಗೆ. "ಮೂರು ವಾರದ ಹಿಂದಿನದು. ಆವಾಗ್ಲೇ ಕರ್ಕೊಂಡು ಬಂದಿದ್ರೆ ಬಹುಶಃ ತಡೀಬಹುದಿತ್ತು. ನಮಗೆ ತೋರಿಸ್ಲಿಕ್ಕೆ ಅಂತಲೇ ತೆಗೆದದ್ದಾ ಇದನ್ನ?"

"ಅಲ್ಲ."

"ಮತ್ತೆ ಯಾಕೆ?"

ಇಪ್ಪತ್ತಾರು ವರ್ಷ ತನ್ನ ಪಾಲಲ್ಲ ಅಂತ ದೂರ ಇಟ್ಟ ಮಾತು ಅದು. "ಸಿನಿಮಾಗೆ" ಅಂದಳು. ಡಾಕ್ಟರು ಫೋನನ್ನು ಅವಳ ಕಡೆಗೆ ದೂಡಿ, ಕಾಗದ ತುಂಬಿದರು.

ಆರು ತಿಂಗಳಿಗೆ ಸಿನಿಮಾ ಬಂತು, ಚೆನ್ನಾಗಿಯೇ ಓಡಿತು. ಪತ್ರಿಕೆಗಳು ಕಥೆಯನ್ನು ಅಷ್ಟಾಗಿ ಹೊಗಳದಿದ್ದರೂ ಯಂತ್ರದ ಹೆಂಡತಿಯನ್ನು ಹೊಗಳಿದವು. ಆ ಅರ್ಧ ನಗು ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ ಅಂತ ಒಬ್ಬ ಬರೆದ. ಅಂಥದ್ದನ್ನು ಕಲ್ಪಿಸಿಕೊಂಡ ತಲೆಗೆ ನಮಸ್ಕಾರ ಅಂತ ಇನ್ನೊಬ್ಬ. ನಿರ್ದೇಶಕ ಒಳ್ಳೆಯ ಮನಸ್ಸಿನಿಂದಲೇ ಸಿನಿಮಾದ ಡಿಸ್ಕನ್ನು ಮನೆಗೆ ಕಳಿಸಿಕೊಟ್ಟ, ಅಕ್ಕನಿಗೆ ತೋರಿಸಿ ಅಂತ ಚೀಟಿ ಬರೆದು. ಹದ್ದು ಅದನ್ನು ಬಟ್ಟೆಗಳ ಕೆಳಗೆ ತುರುಕಿಟ್ಟಳು. ಕೆಲಸ ಬಿಟ್ಟಿದ್ದಳು ಅಷ್ಟರಲ್ಲಿ. ಹಗಲು ಹೊತ್ತು ಅಕ್ಕನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಸ್ನಾನ ಅವಳು ಮಾಡಿಸಿದರೆ ಊಟ ತಂಗಿಯೇ ಮಾಡಿಸುತ್ತಿದ್ದಳು, ಚಮಚದಲ್ಲಿ, ತುತ್ತು ತುತ್ತಾಗಿ.

ಅಕ್ಕನಿಗೆ ವಾಪಸು ಬಂದ ಮಾತುಗಳು ಎಂಟೋ ಹತ್ತೋ. ನೀರು, ಬೇಡ, ಗುಬ್ಬಿ, ನೋವು, ಇಂಥವು. ಅವುಗಳಲ್ಲಿ ಸಿನ್ಮಾ ಅನ್ನುವುದೂ ಒಂದು. ನೋಡಿಕೊಳ್ಳುವ ಹೆಂಗಸು ತಾನು ಸಿನಿಮಾ ನೋಡಿದ್ದನ್ನು ಬಾಯಿ ತಪ್ಪಿ ಹೇಳಿದ ದಿನದಿಂದ ಅಕ್ಕ ಟೀವಿಯ ಕಡೆ ಎಡಗೈ ತೋರಿಸಿ, "ಸಿನ್ಮಾ, ಸಿನ್ಮಾ" ಅಂತ ಶುರು ಮಾಡಿದಳು. ತನ್ನನ್ನು ನೋಡಿ ನಾಯಕಿ ಕಲಿತದ್ದನ್ನು ನೋಡುವ ಆಸೆ. ಹದ್ದು ನಾಲ್ಕು ದಿನ ನೆಪ ಹೇಳಿದಳು. ಐದನೇ ದಿನ ಅಕ್ಕನ ಕಣ್ಣಲ್ಲಿ ನೀರು ಬಂತು. ಹಾಕಿದಳು.

ಮಧ್ಯಾಹ್ನ ಎರಡು ಗಂಟೆ. ಕಿಟಕಿಯ ಪರದೆ ಎಳೆದು ಇಬ್ಬರೂ ಅಕ್ಕಪಕ್ಕ ಕೂತರು. ನಾಯಕ ಕನ್ನಡಕ ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆದಾಗ ಅಕ್ಕ ಹ್ಹೆಹ್ಹೆ ಅಂತ ನಕ್ಕಳು. ಆಮೇಲೆ ಯಂತ್ರದ ಹೆಂಡತಿ ಬಂದಳು. ಎಡಗೈಯಲ್ಲಿ ಲೋಟ. ಅಕ್ಕ ಹಿಗ್ಗಿ ತಂಗಿ ಕಡೆ ನೋಡಿದಳು. ಹೆಂಡತಿ ನಡೆದಳು, ಚಪ್ಪಲಿ ಹಿಂದೆ ಉಳಿಯಿತು, ಗಂಡ ಅದನ್ನು ನೋಡಿ ಬೆಚ್ಚಿದ. ಹೆಂಡತಿ ನಕ್ಕಳು. ಹಿಂದೆ ಭಯ ಹುಟ್ಟಿಸುವ ಸಂಗೀತ. ಗಂಡ ಹಿಂದೆ ಹಿಂದೆ ಸರಿದು, "ನಿಂಗೇನಾಗಿದೆ? ನಿನ್ನ ಕೈಗೇನಾಗಿದೆ?" ಅಂತ ಚೀರಿದ.

ಅಕ್ಕನ ಹಿಗ್ಗು ಇಳಿಯಿತು. ಟೀವಿಯಲ್ಲಿನ ಆ ಬಾಯಿಯನ್ನು ನೋಡಿದಳು. ತೊಡೆಯ ಮೇಲೆ ಹೊಲಿಯದೆ ಬಿಟ್ಟ ತೋಳಿನ ಹಾಗೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡಿದಳು. ಬಹಳ ಹೊತ್ತು ಅದನ್ನೇ ನೋಡಿದಳು. ಮೈ ಹೋದರೂ ಅವಳ ಬುದ್ಧಿ ಎಲ್ಲೂ ಹೋಗಿರಲಿಲ್ಲ. ಕುತ್ತಿಗೆ ತಿರುಗಿಸಿ ತಂಗಿಯ ಮುಖ ನೋಡಿದಳು. ತುಟಿಗಳು ಅಲ್ಲಾಡಿದವು, ಮಾತು ಬರಲಿಲ್ಲ, ಮತ್ತೆ ಅಲ್ಲಾಡಿದವು.

"ನಿಂಗೆ…" ಅಂದಳು. ಉಸಿರು ತೆಗೆದುಕೊಂಡಳು. "ನಿಂಗೆ… ಕಾಣ್ತಿತ್ತು."

ಕೇಳಿದ್ದಲ್ಲ ಅದು, ಹೇಳಿದ್ದು. ಹದ್ದಿನ ನಾಲಿಗೆಯ ತುದಿಗೆ ಸುಳ್ಳೊಂದು ಬಂದಿತ್ತು: ಇಲ್ಲ ಅಕ್ಕ, ಆ ನಾಯಕಿಯೇ ಏನೋ ಮಾಡಿಕೊಂಡಳು, ನನಗೇನು ಗೊತ್ತಿತ್ತು. ಅಕ್ಕ ನಂಬಿಬಿಡುತ್ತಿದ್ದಳೇನೋ. ನಲವತ್ತಾರು ವರ್ಷ ತಂಗಿ ಹೇಳಿದ್ದನ್ನೆಲ್ಲ ನಂಬಿಕೊಂಡೇ ಬಂದವಳು.

"ಹೂಂ ಅಕ್ಕ" ಅಂದಳು. "ಕಾಣ್ತಿತ್ತು."

ಅಕ್ಕ ಅಳಲಿಲ್ಲ. ಎಡಗೈಯಿಂದ ತಡವರಿಸಿ ಟೀವಿಯ ರಿಮೋಟು ಹುಡುಕಿದಳು. ಸಿಕ್ಕಿದರೂ ಗುಂಡಿ ಸಿಗಲಿಲ್ಲ. ಸದ್ದು ಜಾಸ್ತಿಯಾಯಿತು, ಮತ್ತೆ ಜಾಸ್ತಿಯಾಯಿತು. ತಂಗಿಯ ಕೈ ಮುಂದೆ ಹೋಯಿತು. ಅಕ್ಕ ಅದನ್ನು ಮೊಣಕೈಯಿಂದ ತಳ್ಳಿದಳು. "ಬೇಡ" ಅಂದಳು. ಆ ಮಾತು ಮಾತ್ರ ಒಂದೇ ಸಲಕ್ಕೆ, ತಡೆಯಿಲ್ಲದೆ ಬಂತು. ಮನೆಯೆಲ್ಲ ಗಂಡನ ಚೀರಾಟ ತುಂಬಿರುವಾಗ ಅವಳು ಒಂದೊಂದೇ ಗುಂಡಿ ಒತ್ತಿ ಒತ್ತಿ, ಕೊನೆಗೆ ತಾನೇ ಆರಿಸಿದಳು.

ಅವತ್ತಿನಿಂದ ಅಕ್ಕ, ನೋಡಿಕೊಳ್ಳಲು ಬರುವ ಹೆಂಗಸಿನ ಕೈಯಿಂದ ಮಾತ್ರ ಊಟ ಮಾಡಿದಳು. ತಂಗಿ ತಟ್ಟೆ ತಂದು ಚಮಚ ಎತ್ತಿದರೆ ಬಾಯಿ ತೆರೆಯುತ್ತಿರಲಿಲ್ಲ; ಸಿಟ್ಟೂ ಇಲ್ಲದೆ, ಗೋಡೆ ನೋಡಿಕೊಂಡು, ಚಮಚ ವಾಪಸು ತಟ್ಟೆಗೆ ಹೋಗುವುದನ್ನೇ ಕಾಯುತ್ತಿದ್ದಳು.